ನಿನ್ನ ಅಳಿಯ ಬಾಯಿ ಬಿಟ್ಟ ದಿನ

ಅಮ್ಮಾ, ಗೆದ್ದೆ!

ಇಲ್ಲಿಯವರ ಎಲೆ ಉದುರುವ ಕಾಲದ ಹಬ್ಬದ ರಜೆಗೆ ನಮ್ಮ ಬಾಡಿಗೆ ಮನೆಯ ಓನರಮ್ಮ ನಮ್ಮಿಬ್ಬರನ್ನು ಊಟಕ್ಕೆ ಕರೆದಿದ್ದರು. ಆ ದಿನ ಒಬ್ಬರ ಉಪಕಾರವನ್ನಾದರೂ ಎಲ್ಲರೆದುರು ನೆನೆಯದೆ ಅವರ ಮನೆಯಲ್ಲಿ ಯಾರೂ ತುತ್ತೆತ್ತುವಂತಿಲ್ಲ. ಬಾಯಿ ಬಿಟ್ಟರೆ ಮುತ್ತು ಉದುರೀತೆಂದು ಹೆದರುವ ನಿನ್ನ ಅಳಿಯ ಹಸಿವು ತಾಳಲಾರದೆ ಎದ್ದು ನಿಂತರು.

“ನಮ್ಮತ್ತೆ ಇವಳನ್ನ ನಂಗೆ ಕೊಟ್ರಲ್ಲ, ಅದೇ ದೊಡ್ಡ ಉಪಕಾರ. ಇವಳಿಲ್ದಿದ್ರೆ ಈ ಊರಲ್ಲಿ ನಂಗೆ ಒಂದಿನಾನೂ ಆಗ್ತಿರ್ಲಿಲ್ಲ,” ಎಂದರು, ಕನ್ನಡದಲ್ಲೇ.

ಅರ್ಥವಾಗದೆ ಎಲ್ಲರೂ ನನ್ನ ಮುಖ ನೋಡಿದರು. “ಸರಿಯಾಗಿ ಕೇಳಿಸ್ಲಿಲ್ಲ ರೀ, ಇನ್ನೊಂದ್ಸಲ ಹೇಳಿ,” ಎಂದೆ. ಮೂರು ಸಲ ಹೇಳಿಸಿದ ಮೇಲೆಯೇ ಅವರ ಭಾಷೆಗೆ ತಿರುಗಿಸಿದೆ.

ನನ್ನ ನೆಗಡಿ ವಾಸಿಯಾಗಿದೆ. ನೀನು ಮಂಡಿನೋವಿನ ಮಾತ್ರೆ ಬಿಡಬೇಡ. ಕಾರ್ಡಿನಲ್ಲಿ ಜಾಗ ಮುಗಿಯಿತು. ಇದನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳು. ಅವರೂ ನಿನ್ನ ಬಗ್ಗೆ ಒಂದು ಒಳ್ಳೆಯ ಮಾತಾಡುವ ತನಕ ಊಟ ಬಡಿಸಬೇಡ.

ನಿನ್ನ ಮಗಳು