ಮೊಸರು ತಿಂದ ಹರಳು

ಪುಣೆ, ಮಂಗಳವಾರ

ಜುಗೂಳದ ರಾಜಮತಿ ವೈನಿಯವರಿಗೆ ಉತ್ತಮನ ಜೈ ಜಿನೇಂದ್ರ.

ಅಣ್ಣ ಬಾವಿ ತೋಡಿಸುವಾಗ ಎತ್ತಿ ತಂದ, ನಮ್ಮ ದೇವರ ಜಗುಲಿಯ ಸ್ಫಟಿಕವನ್ನು ಇಲ್ಲಿನ ಕಲ್ಲುಗಳ ಮ್ಯೂಸಿಯಮ್ಮಿನಲ್ಲಿ ತೋರಿಸಿ, ಅದರ ಮೂಲೆಗಳೇಕೆ ಸವೆಯುತ್ತಿವೆ ಎಂದು ಕೇಳಿದೆ. ಅಲ್ಲಿ ಕೆಲಸಕ್ಕಿರುವ ಮೇಘಾ ನಮ್ಮ ಅಥಣಿಯ ಹುಡುಗಿ. ಅದೇ ಜಾತಿಯ ಇನ್ನೊಂದು ಹರಳನ್ನು ನನ್ನ ಕೈಗಿಟ್ಟಳು. ಆರು ಮುಖ, ಆರೂ ಓರೆ, ಪೆಟ್ಟಿಗೆಯನ್ನು ಯಾರೋ ಪಕ್ಕಕ್ಕೆ ನೂಕಿದಂತೆ. ಒಡೆದ ಚೂರಿಗೂ ಅದೇ ಆಕಾರ. ನಮ್ಮದೂ ಮೊದಲು ಹಾಗೆಯೇ ಇತ್ತಲ್ಲ, ವೈನಿ.

“ಕಾಕಾ, ಇದು ಸ್ಫಟಿಕ ಅಲ್ರಿ, ಸುಣ್ಣದ ಹರಳು. ಹುಳಿ ತಾಗಿದ್ರ ಕರಗತೈತಿ. ಏನರ ಹಾಕ್ತಿದ್ರೇನ್ರಿ?”

“ದಿನಾ ಮೊಸರಿನ ಅಭಿಷೇಕ ಮಾಡ್ತೀವಿ, ತಂಗಿ.”

“ಹಂಗಾರ ಇಷ್ಟ ಉಳದದ್ದ ಹೆಚ್ಚಿಗೀದ್ರಿ. ಹ್ವಾದ ಮೂಲಿ ತಿರುಗಿ ಬರೂದಿಲ್ಲ.”

ನನ್ನ ಮೊಣಕಾಲು ನೋವು ಕಡಿಮೆಯಿದೆ, ಗುರುವಾರದ ಬಸ್ಸಿಗೆ ಬರುತ್ತೇನೆ. ನೀವು ಅಭಿಷೇಕಕ್ಕೆಂದು ಹಾಲಿಗೆ ಹೆಪ್ಪು ಹಾಕಬೇಡಿರಿ. ಅಣ್ಣ ಹೋದ ಮೇಲೆ ಅವನ ಕೈ ಮುಟ್ಟಿದ್ದೆಂದು ಅದೊಂದೇ ಇತ್ತು. ಅದನ್ನೂ ನಾವೇ ಕರಗಿಸಿ, ಅಭಿಷೇಕದಿಂದ ಇಳಿದದ್ದನ್ನು ಗಂಧೋದಕವೆಂದು ದಿನವೂ ನೆತ್ತಿಗೆ ಹಚ್ಚಿಕೊಂಡೆವು.

ನಿಮ್ಮ ಮೈದುನ