ಓಣಿ ತುದಿಯ ನಲ್ಲಿ

೨-೧೨-೨೦೦೭, ಭಾನುವಾರ, ಸಂಜೆ
ಆರೂವರೆಗೆ ಮಗಳನ್ನ ತಂದುಬಿಟ್ಟ ಪುಣ್ಯಾತ್ಮ ವೀರೇಶ್. ಬೈಕ್ ಕೂಡ ಆಫ್ ಮಾಡಲಿಲ್ಲ. ಸ್ಫೂರ್ತಿ ತಲೆ ಇವತ್ತೂ ಒದ್ದೆ. ಡಿಸೆಂಬರ್ ಚಳಿ, ಏಳು ವರ್ಷದ ಕೂಸು... ಸಂಡೂರು ಮೈನ್ಸಿನಲ್ಲಿ ಸೂಪರ್‌ವೈಸರ್, ಎರಡೆರಡು ಮೊಬೈಲು. ಮಗಳ ತಲೆ ಒರೆಸೋಕೆ ಒಂದು ಟವೆಲ್ಲಿಗೆ ಗತಿಯಿಲ್ಲ. ಇವಳನ್ನ ಕೇಳಿದರೆ ಬಾಯಿ ಬಿಡೋದಿಲ್ಲ. ಅಪ್ಪನ ಪಾರ್ಟಿ.

೩, ಸೋಮವಾರ
ಜ್ವರ. ಸ್ಕೂಲಿಗೆ ಕಳಿಸಲಿಲ್ಲ. ವೀರೇಶ್‌ಗೆ ಫೋನ್ ಮಾಡಿ ಹೇಳಿದೆ — ಇನ್ನು ಮಗಳನ್ನ ಕಳಿಸಲ್ಲ. ಏನೋ ಹೇಳೋಕೆ ಬಂದ. ಕಟ್ ಮಾಡಿದೆ.

೯, ಭಾನುವಾರ
ಕಳಿಸಲಿಲ್ಲ. ಬೆಳಿಗ್ಗೆಯಿಂದ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ಕೂತಿದ್ದಳು. ಊಟಕ್ಕೆ ಕರೆದರೂ ಏಳಲಿಲ್ಲ.

೧೨, ಬುಧವಾರ
ಜಡೆಪ್ಪ ಮಾವ ಬಂದಿದ್ದರು. ನಾವು ಬೇರೆಯಾದಾಗ, ವಾರಕ್ಕೊಮ್ಮೆ ಕೂಸು ಅಪ್ಪನ ಹತ್ತಿರ ಅಂತ ಮಾತು ಮುಗಿಸಿದವರು. ಜೊತೆಗೆ ವೀರೇಶ್. ನಿಮ್ಮ ಜಗಳ ಆಚೆಗಿಡಿ, ಕೂಸಿನ ಮಾತಷ್ಟೇ ಆಡಿ ಅಂದರು. ಒದ್ದೆ ತಲೆ ವಿಷಯ ತೆಗೆದೆ. ಬಿಡ್ತೀನಾ.

ವೀರೇಶ್ ತಲೆ ಎತ್ತಲಿಲ್ಲ. "ನಾ ತೊಳಸಂಗಿಲ್ಲ ಶೈಲಾ. ಓಣಿ ತುದೀಗೆ ಬಂದ ಕೂಡ್ಲೆ ಗಾಡಿ ನಿಲ್ಲಸು ಅಂತಾಳ. ನಲ್ಲಿ ಕೆಳಗ ತಾನ ತಲಿ ಇಡ್ತಾಳ. ಮೈನ್ಸಿನ ಕೆಂಪು ಧೂಳು ಕಂಡ್ರ ಅಮ್ಮ ನನ್ನ ಮತ್ತ ಕಳ್ಸಂಗಿಲ್ಲ ಅಂತಾಳ. ಬ್ಯಾಡಂದ್ರ ಅಳ್ತಾಳ."

ಹೌದು... ಪ್ರತಿ ವಾರ ಅಂದಿದ್ದೇನೆ. ಅವಳ ಫ್ರಾಕ್ ಜಾಡಿಸುತ್ತ, ಇದೇನು ಹೊಲಸು, ಇನ್ನೊಂದು ಸಲ ಕಳಿಸಿದರೆ ಕೇಳು ಅಂತ. ಬೈದದ್ದು ಅವನಿಗೆ. ಕೇಳಿಸಿಕೊಂಡವಳು ಇವಳು. ನಾಚಿಕೆಯಾಯಿತು. ಮಾವ ಚಹಾ ಕೇಳಿದರು.

೧೬, ಭಾನುವಾರ, ಸಂಜೆ
ಬೆಳಿಗ್ಗೆ ನಾನೇ ಕಳಿಸಿದ್ದೆ. ಸಂಜೆ ಓಣಿ ತುದಿಯಲ್ಲಿ ಹೋಗಿ ನಿಂತೆ. ಬೈಕ್ ಬಂತು. ಜಡೆ, ಹುಬ್ಬು, ಸಾಕ್ಸು ಎಲ್ಲ ಕೆಂಪು. ನನ್ನ ಕಂಡವಳೇ ಅಪ್ಪನ ಬೆನ್ನ ಹಿಂದೆ ಸರಿದಳು.

"ಹಂಗ ಬಾ ಪುಟ್ಟಿ, ಏನೂ ಅನ್ನಂಗಿಲ್ಲ," ಅಂದೆ.

ವೀರೇಶ್ ಬೈಕ್ ಆಫ್ ಮಾಡಿದ. "ಅಮ್ಮ ಖರೇನ ಹೇಳಾಕತ್ತಾಳವ್ವ," ಅಂದ. ಬೇರೆಯಾದ ಮೇಲೆ ಮೊದಲ ಸಲ ನನ್ನ ಪರ ಮಾತಾಡಿದ್ದು.

ನನ್ನ ಮುಖ ನೋಡಿದಳು. ಅವನ ಮುಖ ನೋಡಿದಳು. ನಂಬಲಿಲ್ಲ. ಇಳಿದು ಹೋಗಿ ನಲ್ಲಿ ತಿರುವಿ ತಲೆ ಒಡ್ಡಿದಳು. ನಿಲ್ಲಿಸೋಕೆ ಅಂತ ನಾವಿಬ್ಬರೂ ಒಟ್ಟಿಗೇ ಕೈ ಚಾಚಿದೆವು. ನಲ್ಲಿ ನಿಲ್ಲುವಷ್ಟರಲ್ಲಿ ಮೂವರೂ ಒದ್ದೆ.