ಗಾಡಿಗೂ ಸೋಮವಾರ ಸೂಟಿ

ಕುಬೇರ,

ಎದ್ದ ಮೇಲೆ ಗಾಡಿಯನ್ನು ಅಂಗಳದಲ್ಲಿ ಹುಡುಕಬೇಡ. ನಿನ್ನೆ ನೀನು ಎರೆಹೊಲದಲ್ಲಿ ನೆಟ್ಟು ಬಂದಲ್ಲಿಯೇ ಇದೆ, ಇನ್ನೂ ಚಿಗುರಿಲ್ಲ.

ಎತ್ತು ಮಾರಿ ಈ ಪಿಕಪ್ ಗಾಡಿ ತಂದ ದಿನ ಪಕ್ಕದ ಹೊಲದ ಹೊಳೆಯಪ್ಪನಿಗೆ ಏನು ಹೇಳಿದ್ದೆ, ನೆನಪಿದೆಯೇ? "ಕಾಕಾ, ನಿಮ್ಮ ಎತ್ತಿಗೆ ಸೋಮವಾರ ಸೂಟಿ. ನನ್ನ ಗಾಡಿಗೆ ಸೂಟಿನೇ ಇಲ್ರಿ." ನಿನ್ನೆ ಸೋಮವಾರ. ಗಾಡಿ ನಿನ್ನನ್ನು ಕೇಳದೆ ಸೂಟಿ ತೆಗೆದುಕೊಂಡಿತು. ಬಸವಣ್ಣನ ವಾರವೆಂದು ಅದನ್ನು ಎಳೆಯಲು ಊರಿನಲ್ಲಿ ಯಾರೂ ಎತ್ತು ಹೂಡಲಿಲ್ಲ.

ಈಗಷ್ಟೇ ಹೊಳೆಯಪ್ಪ ಬಂದಿದ್ದ. "ಅವ್ವಾರ, ಇವತ್ತ ಮಂಗಳವಾರ, ಎತ್ತು ಹೊಡ್ಕೊಂಡು ಹೊಂಟೇನ್ರಿ. ಅವನ್ನ ಎಬ್ಬಸಬ್ಯಾಡ್ರಿ, ದಣದಾನ," ಎಂದ. ಅವನಿಗೆ ರೊಟ್ಟಿ ಕಟ್ಟಿಕೊಂಡು ನಾನೂ ಹೊಲಕ್ಕೆ ಹೊರಟೆ.

ನೀನು ಹಗ್ಗ, ಸಲಿಕೆ, ಗಾಲಿಯ ಕೆಳಗೆ ಹಾಸಲು ಎರಡು ಹೊರೆ ಜೋಳದ ಕಣಿಕೆ ತಾ. ಬೂಟು ಬೇಡ, ಒಂದು ಹೇಗೂ ಕೆಸರಿನಲ್ಲೇ ಇದೆ. ಎತ್ತು ಜಗ್ಗುವಾಗ ರೇಸ್ ಕೊಟ್ಟು ಶೌರ್ಯ ತೋರಿಸಬೇಡ. ನಿನ್ನೆಯ ಶೌರ್ಯದಿಂದಲೇ ಗಾಲಿ ಅರ್ಧ ಹೂತಿದೆ.

ಗುಡಗೇರಿ ಪೇಟೆಗೆ ಒಯ್ಯಬೇಕಿದ್ದ ಹೆಸರುಕಾಳೆಲ್ಲ ಮಳೆಗೆ ಹಾಳಾಯಿತೆಂದು ಉಣ್ಣದೆ ಮಲಗಿದೆಯಲ್ಲ, ಅದು ಹಾಳಾಗಿಲ್ಲ. ಹೊಳೆಯಪ್ಪ ತಾನು ಹೊದ್ದ ಕಂಬಳಿಯನ್ನು ಗಾಡಿಯಲ್ಲಿದ್ದ ಚೀಲಗಳಿಗೆ ಹೊದಿಸಿ, ತಾನು ತೊಯ್ದುಕೊಂಡು ಮನೆಗೆ ಹೋದನಂತೆ. ಇದನ್ನು ಅವನು ಹೇಳಲಿಲ್ಲ. ಅವನ ಹೆಂಡತಿ ಮೈಲಾರವ್ವ ಹೇಳಿದಳು.

ಆ ಕಂಬಳಿಯನ್ನು ನೀನೇ ಮಡಚಿ ಅವನ ಕೈಗೆ ಕೊಡು. ಭಾಷಣ ಬೇಡ. ಮುಂದಿನ ಸೋಮವಾರದಿಂದ ಗಾಡಿಗೂ ಸೂಟಿ ಎಂದರೆ ಸಾಕು, ಅವನಿಗೆ ತಿಳಿಯುತ್ತದೆ.

ನಿನ್ನ ರೊಟ್ಟಿಯೂ ನನ್ನ ಗಂಟಿನಲ್ಲೇ ಇದೆ. ಹಸಿವಾದರೆ ಹೊಲಕ್ಕೆ ಬಾ.

ಅವ್ವ